ದೇವಣ್ಣನ ಹೆಗಲಿಗೆ ಜೋಳಿಗೆ

ಎಷ್ಟು ಬೆಳ್ಳಗಿದೆ ಇವನ ಪಾದ, ಚಪ್ಪಲಿಯಿಲ್ಲದೆ ಮಣ್ಣು ಮುಟ್ಟಿಯೇ ವರ್ಷಗಳಾಗಿರಬೇಕು, ಜಲ್ಲಿಕಲ್ಲು ಸಿಕ್ಕಿದಾಗಲೆಲ್ಲ ಕೋಳಿಯ ಹಾಗೆ ಒಂದು ಕಾಲೆತ್ತಿ ನಿಲ್ಲುತ್ತಾನೆ, ಎತ್ತಲಿ, ಇನ್ನೂ ಎತ್ತಲಿ, ಮುಂದಿನ ಮನೆಯ ಹಾದಿಯಲ್ಲಿ ಜಾಲಿಮುಳ್ಳಿದೆ — ಸರ್ವಮಂಗಳ ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು, ಫೋನು ಅಲುಗಬಾರದು, ಪಾದದಿಂದ ನಿಧಾನವಾಗಿ ಮೇಲಕ್ಕೆ, ಮೊಳಕಾಲಿನ ತನಕ ಎತ್ತಿ ಕಟ್ಟಿದ ಕಾವಿ ಪಂಚೆ, ಬರಿಮೈ, ಹಣೆಗೆ ಎದೆಗೆ ತೋಳಿಗೆ ವಿಭೂತಿ, ಹೆಗಲಿಗೆ ಜೋಳಿಗೆ, ಇವನೇ ಹೆಗ್ಗಡದೇವನಕೋಟೆಯ ದೇವರಾಜು, ಫೋನಿರುವವರಿಗೆಲ್ಲ ದೇವಣ್ಣ, ಇಲ್ಲದವರ ಮನೆಗೆ ಕ್ಯಾಮರಾ ತಂದು, ಅಕ್ಕಿ ಮೂಟೆ ಇಳಿಸಿ, ಅವರು ಅಳುವುದನ್ನು ಲೋಕಕ್ಕೆಲ್ಲ ತೋರಿಸುವ ದೇವಣ್ಣ, ಇವತ್ತು ಹುಣಸೂರು ಸೀಮೆಯ ಅವಳ ಊರಿನ ಬೀದಿಯಲ್ಲಿ ಭಿಕ್ಷೆ ಎತ್ತುತ್ತಿದ್ದಾನೆ, ಅದೂ ಅವಳ ಮಾತು ನಂಬಿ. ಜೋಳಿಗೆ ಇಡೀದೇ ಇದ್ದೋರ್ಗೆ ಮಾದಪ್ಪನ ಪರದೂಟ್ದಲ್ಲಿ ಎಲೆ ಆಕಂಗಿಲ್ಲ ಕಣಣ್ಣ, ನಮ್ಮನೆ ಕಟ್ಟಳೆ, ಎಂದು ಬೆಳಿಗ್ಗೆ ಕಾರಿನಿಂದ ಇಳಿಯುತ್ತಿದ್ದಂತೆ ಅವನಿಗೆ ಹೇಳಿದ್ದಳು, ಹೇಳುವಾಗ ನಾಲಿಗೆ ತೊದಲಲಿಲ್ಲ, ಕಟ್ಟಳೆ ಇರುವುದು ಹರಕೆ ಹೊತ್ತ ಮನೆಯವರಿಗೆ, ಉಣ್ಣಲು ಬಂದ ನೆಂಟರಿಗಲ್ಲ, ಅದು ಊರಿನ ಮೂರು ವರ್ಷದ ಮಗುವಿಗೂ ಗೊತ್ತು, ಇವನಿಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಕೇಳುವ ಅಭ್ಯಾಸವೂ ಇಲ್ಲ. ಸೂಪರ್ ಅಕ್ಕ, ಸಕತ್ತಾಗ್ ಬತ್ತದೆ ಇದು, ಎಂದು ಅಲ್ಲೇ ಅಂಗಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟಿದ್ದ. ಹೆಂಡತಿ ರೂಪಶ್ರೀ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ದೊಡ್ಡ ಕ್ಯಾಮರಾದಲ್ಲಿ ಗಂಡನನ್ನು ಹಿಡಿಯುತ್ತಿದ್ದಳು, ನಾಲ್ಕನೆಯ ಮನೆಯ ಹತ್ತಿರ ಅದರ ಬ್ಯಾಟರಿ ಹೋಯಿತು, ಒಂದ್ನಿಮ್ಷ ಕಾರ್ ಹತ್ರ ಹೋಗ್ಬರ್ತೀನಿ ಅಕ್ಕ ಅಂದಳು, ಹೋಗು ತಾಯಿ, ನಿಧಾನವಾಗಿಯೇ ಹೋಗು, ಸರ್ವಮಂಗಳ ಬೆಳಗಿನಿಂದ ಕಾಯುತ್ತಿದ್ದುದು ಆ ನಿಮಿಷಕ್ಕೇ. ಐದನೆಯ ಮನೆಯ ಬಾಗಿಲಲ್ಲಿ, ಅಕ್ಕಿಯ ಮೊರ ಹಿಡಿದು ನಿಂತ ಮನೆಯವರ ಹಿಂದೆ ತಾನೇ ಸರಿದು, ಫೋನಿನ ಕಣ್ಣನ್ನು ಅವನ ಮುಖಕ್ಕೆ ನೇರ ಮಾಡಿ ಕೇಳಿದಳು, ಯಾಕಪ್ಪಾ ಇಂಗೆ ಬೇಡ್ತಿದ್ದೀಯೆ, ಮನೇಲಿ ಯಾರೂ ಇಲ್ವಾ? ಹೀಗೆ ಕೇಳಿದರೆ ಹೀಗೇ ಹೇಳಬೇಕೆಂದು ಅವಳೇ ಕಲಿಸಿದ್ದಳು. ಅವನು ಕಲಿಸಿದ್ದಕ್ಕಿಂತ ಚೆನ್ನಾಗಿ ಹೇಳಿದ, ಮಾತು ಮಾತಿಗೂ ಜನರ ಕಣ್ಣಲ್ಲಿ ನೀರು ಹಿಂಡಿ ಪಳಗಿದವನಲ್ಲವೇ, ಕತ್ತು ವಾಲಿಸಿ, ಗಂಟಲು ಕಟ್ಟಿದವನಂತೆ, ಯಾರೂ ಇಲ್ಲ ತಾಯಿ, ನಂಗ್ಯಾರೂ ಇಲ್ಲ, ಮಾದಪ್ಪನೇ ಎಲ್ಲ. ಅವಳು ಕೆಂಪು ಗುಂಡಿ ಒತ್ತಿ ನಿಲ್ಲಿಸಿದಳು. ಸಾಕು. ಎರಡು ಉಸಿರಿನಷ್ಟು ಉದ್ದದ ವಿಡಿಯೊ, ಬೆಚ್ಚಗೆ ಅಂಗೈಯಲ್ಲಿ, ಈಗತಾನೆ ಇಟ್ಟ ಮೊಟ್ಟೆಯ ಹಾಗೆ.

ಹೋದ ವರ್ಷವೂ ಕಾರ್ತೀಕವೇ, ಸೋಮವಾರವೇ, ಗರ್ಭಕೋಶ ತೆಗೆಸಿಕೊಂಡು ಮೈಸೂರಿನ ಆಸ್ಪತ್ರೆಯಿಂದ ಬಂದು ನಡುಮನೆಯಲ್ಲಿ ಮಲಗಿದ್ದಳು, ಹೊಲಿಗೆಯ ಜಾಗದಲ್ಲಿ ಕೀವು, ಜ್ವರ ಇಳಿಯದು, ಸೂರಿನ ಹೆಂಚಿನ ನಡುವೆ ಬಿಟ್ಟ ಗಾಜಿನಿಂದ ಬಿಸಿಲು ಬಂದು ಹೊದಿಕೆಯ ಮೇಲೆ ಚೌಕವಾಗಿ ಕೂರುವುದು, ಎದ್ದುಹೋಗುವುದು, ಅತ್ತೆ ಸಿದ್ದಲಿಂಗಮ್ಮ ಬೆಳಗಿನ ಜಾವಕ್ಕೇ ಮಿಂದು ಲಿಂಗಪೂಜೆ ಮುಗಿಸಿ ಸೆರಗಿನಡಿ ಏನನ್ನೋ ಅವುಚಿಕೊಂಡು ಹೊರಟುಬಿಡುವಳು, ಎಲ್ಲಿಗತ್ತೆ ಎಂದರೆ ಇಲ್ಲೇ ಕಣ್ ಮಂಗ್ಳ, ಬತ್ತೀನಿ, ಅಷ್ಟೇ. ಗಂಡ ವೀರಭದ್ರಸ್ವಾಮಿ ಹಾಸಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದ್ದ, ನಿನ್ ಎಸ್ರಲ್ಲೇ ಕಣಮ್ಮಿ ಅವ್ವ ಜೋಳಿಗೆ ಇಡಿದಿರಾದು, ಮಾದಪ್ಪಂಗೆ ಅರಕೆ, ಬಾಯಿ ಬುಡಬೇಡ, ಪರ ಆಗಾಗಂಟ ಯಾರ್ಗೂ ಏಳಂಗಿಲ್ಲ. ಅವರ ಮನೆತನದ ಕಟ್ಟಳೆ ಹಾಗೆ, ಹರಕೆ ಹೊತ್ತವಳು ಬೇರೆ ಊರುಗಳಲ್ಲಿ ಮನೆ ಮನೆ ಬೇಡಿ ಅಕ್ಕಿ ಕೂಡಿಸಬೇಕು, ಮರುವರ್ಷ ಪರದ ದಿನ ಕೊನೆಯ ಐದು ಮನೆ ಮಾತ್ರ ಸ್ವಂತ ಊರಿನಲ್ಲಿ, ಆ ಅಕ್ಕಿಯಲ್ಲಿ ಅನ್ನ ಮಾಡಿ ಬಂದವರಿಗೆಲ್ಲ ಬಡಿಸಿದರೆ ಅದೇ ಪರ, ಅಲ್ಲಿಯವರೆಗೆ ಯಾರ ಮನೆಯವಳು, ಯಾರಿಗಾಗಿ ಬೇಡುತ್ತಿದ್ದೀಯೆ ಎಂದು ಬ್ರಹ್ಮ ಬಂದು ಕೇಳಿದರೂ ಒಂದೇ ಉತ್ತರ, ಯಾರೂ ಇಲ್ಲ, ಮಾದಪ್ಪನೇ ಎಲ್ಲ. ಕೇಳಿದವನು ಬ್ರಹ್ಮನಲ್ಲ, ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ನಿಂತ ದೇವರಾಜು. ಊಟ ಮಾಡಿದ್ಯಾ ಅಜ್ಜಿ, ಮನೇಲಿ ಯಾರೂ ಇಲ್ವಾ? ಮುದುಕಿ ಕಟ್ಟಳೆಯಂತೆ ಹೇಳಿದಳು. ಮಕ್ಕಳಿಲ್ವಾ, ಸೊಸೆ ಇಲ್ವಾ? ಮುದುಕಿ ಮತ್ತೆ ಅದನ್ನೇ ಹೇಳಿದಳು, ಹೇಳುತ್ತಾ ಕಣ್ಣೊರೆಸಿಕೊಂಡಳು ಬೇರೆ, ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿರಲಿಲ್ಲ, ಬಿಸಿಲಿಗೆ ನೀರು ಸುರಿಯುತ್ತಿತ್ತು, ಅದು ಮಾತ್ರ ವಿಡಿಯೊದಲ್ಲಿ ಹತ್ತಿರದಿಂದ, ದೊಡ್ಡದಾಗಿ, ಹಿಂದೆ ಕೊಳಲು. ಬಸ್ಸಿನ ಹಿಂದೆಯೇ ಕಾರು, ಕಾರು ಮುದುಕಿಯ ಮನೆ ಬಾಗಿಲಿಗೆ, ಒಳಗೆ ಮಗ, ಸೊಸೆ, ಟೀವಿ, ಎಲ್ಲವನ್ನೂ ತೋರಿಸಿದರು, ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದ ಸರ್ವಮಂಗಳಳನ್ನೂ ತೋರಿಸಿದರು, ಜ್ವರದಲ್ಲೇ ಎದ್ದು ಗಂಜಿ ತಿರುವುತ್ತಿದ್ದ ಸೌಟು ಕೈಯಲ್ಲೇ ಇತ್ತು, ತೆಗೀರೀ ಅದ್ನ, ಆಚೆ ಓಗ್ರೀ ಎಂದು ಕೈ ಅಡ್ಡ ಇಟ್ಟಳು, ಅಲ್ಲಿಗೆ ನಿಲ್ಲಿಸಿದರು ಚಿತ್ರವನ್ನು, ಸೌಟಿನ ಸುತ್ತ ಕೆಂಪು ವೃತ್ತ, ಆಮೇಲೆ ಒಂದು ಹೆಂಗಸಿನ ಧ್ವನಿ, ಜೇನಿನಂಥ ಧ್ವನಿ — ಮನೆ ತುಂಬ ಜನ ಇದ್ದರೂ ಈ ತಾಯಿಗೆ ತುತ್ತು ಅನ್ನವಿಲ್ಲ, ಇಂಥ ಸೊಸೆಯರು ಇರುವವರೆಗೆ ಎಷ್ಟು ತಾಯಂದಿರು ಬೀದಿಗೆ ಬೀಳಬೇಕೋ. ರೂಪಶ್ರೀಯ ಧ್ವನಿ. ಗಂಡನ ಯಾವ ವಿಡಿಯೊದಲ್ಲೂ ಅವಳ ಮುಖ ಇರುವುದಿಲ್ಲ, ಧ್ವನಿ ಮಾತ್ರ ಮೇಲಿನಿಂದ ಬೀಳುತ್ತದೆ, ಆಕಾಶವಾಣಿಯ ಹಾಗೆ. ಒಂದು ವರ್ಷ ಆ ಧ್ವನಿ ಸರ್ವಮಂಗಳಳ ಕಿವಿಯೊಳಗೆ ಸಂಸಾರ ಹೂಡಿದೆ, ಮುದ್ದೆ ತೊಳಸುವಾಗ, ತಲೆ ಬಾಚುವಾಗ, ಇಂಥ ಸೊಸೆಯರು, ಇಂಥ ಸೊಸೆಯರು.

ಜನ ಬರೆದದ್ದೆಲ್ಲ ಅವಳಿಗೆ ಬಾಯಿಪಾಠ, ಇವಳನ್ನು ಊರಬಾಗಿಲಲ್ಲಿ ಕಟ್ಟಿಹಾಕಿ, ಇವಳಿಗೂ ವಯಸ್ಸಾಗುತ್ತೆ, ಮುಖ ನೋಡಿದರೇ ಗೊತ್ತಾಗುತ್ತೆ, ದುಬೈಯಿಂದ ಒಬ್ಬ, ಬಳ್ಳಾರಿಯಿಂದ ಒಬ್ಬಳು, ಎಂದೂ ಕಾಣದವರು, ಅವರ ಮೇಲೆ ಅವಳಿಗೆ ಅಂಥ ಸಿಟ್ಟಿಲ್ಲ, ಅವರಿಗೆ ಅವಳೂ ಒಂದು ವಿಚಿತ್ರ ಸುದ್ದಿ, ಎರಡು ತಲೆಯ ಕರುವಿನ ಹಾಗೆ. ಆದರೆ ಊರಿನವರೇ ಯಾರೋ ಹೆಸರು ಬದಲಿಸಿಕೊಂಡು ಬರೆದಿದ್ದರಲ್ಲ, ಇವಳು ಶಾಲೆಯಲ್ಲಿ ಬಿಸಿಯೂಟ ಮಾಡೋಳು, ಅತ್ತೆಗೆ ಅನ್ನ ಹಾಕದವಳು ಮಕ್ಕಳಿಗೆ ಏನು ಹಾಕ್ತಾಳೆ ನೋಡಿಕೊಳ್ಳಿ — ಅದು ಹತ್ತಿಕೊಂಡಿತು. ಹೆಡ್‌ಮೇಷ್ಟ್ರು ಕೂರಿಸಿ, ನೀರು ಕೊಟ್ಟು, ಕನ್ನಡಕ ಒರೆಸಿಕೊಳ್ಳುತ್ತಾ, ಸ್ವಲ್ಪ ದಿವಸ ಬೇಡಮ್ಮ ಸರ್ವಮಂಗಳ, ಪೋಷಕರು ಗಲಾಟೆ ಮಾಡ್ತಾವ್ರೆ, ಎಲ್ಲ ತಣ್ಣಗಾಗ್ಲಿ ಅಂದರು, ತಣ್ಣಗಾಗಲಿಲ್ಲ, ಅವಳ ಜಾಗಕ್ಕೆ ಬೇರೊಬ್ಬಳು ಬಂದಳು, ಈಗ ಅವಳು ಹೊಗೆಸೊಪ್ಪಿನ ಮನೆಗಳಲ್ಲಿ ಕೂತು ಬಣ್ಣ ನೋಡಿ ಎಲೆ ವಿಂಗಡಿಸುತ್ತಾಳೆ, ಹೊಂಬಣ್ಣದ್ದು ಈ ಕಡೆ, ಕಂದಿದ್ದು ಆ ಕಡೆ, ಅಂಟು ಬೆರಳಿಗೆ ಮೆತ್ತಿಕೊಂಡು ಸೀಗೆಪುಡಿಗೂ ಹೋಗುವುದಿಲ್ಲ, ಶಾಲೆಯ ಗಂಟೆ ಹೊಡೆದಾಗ ಕೈ ತಾನಾಗಿ ನಿಲ್ಲುತ್ತದೆ, ಈಗ ಬೇಳೆ ಬೆಂದಿರುತ್ತದೆ, ಈಗ ಮಕ್ಕಳು ತಟ್ಟೆ ಬಡಿಯುತ್ತಾ ಸಾಲು ನಿಲ್ಲುತ್ತವೆ, ಮಂಗ್ಳಕ್ಕ ನಂಗೆ ತಳದ್ದು, ನಂಗೆ ತಳದ್ದು ಸಾರು. ಹೇಳಿದಳು, ಕಟ್ಟಳೆ ಅತ್ತೆಯ ಬಾಯಿಗೆ, ತನ್ನ ಬಾಯಿಗಲ್ಲ ಎಂದುಕೊಂಡು, ಹೇಳದೆ ಇರಲಿಲ್ಲ, ಕೃಷ್ಣರಾಜನಗರದಿಂದ ಸುದ್ದಿಯವನೊಬ್ಬ ಬಂದಿದ್ದ, ಅದು ಅರಕೆ ಭಿಕ್ಷೆ ಕಣಪ್ಪ, ನಮ್ಮತ್ತೆ ಉಪವಾಸ ಇಲ್ಲ, ಬೇಕಾರೆ ಅಡ್ಗೆಮನೆ ನೋಡು ಅಂದಳು, ಅವನು ಸಿದ್ದಲಿಂಗಮ್ಮನ ಕಡೆ ಮೈಕು ಹಿಡಿದ, ಮುದುಕಿ ತುಟಿ ಬಿಗಿದುಕೊಂಡು ಹಿತ್ತಲ ಕಡೆ ನೋಡುತ್ತಾ ಕೂತಳು, ಸೊಸೆ ಬದುಕಲಿ ಎಂದು ಹೊತ್ತ ಹರಕೆ ಸೊಸೆಯ ಮಾನಕ್ಕಾಗಿ ಮುರಿಯಬಾರದಲ್ಲ, ಸುದ್ದಿಯವನು ಮೈಕು ಮಡಚಿ, ಇದು ಓಡಲ್ಲ ಅಕ್ಕ, ಜನ ಅರಕೆನೆಲ್ಲ ನೋಡಲ್ಲ, ನೀವು ಅತ್ತು ಕ್ಷಮೆ ಕೇಳೋ ಅಂಗಿದ್ರೆ ಏಳಿ, ಅಂದು ಹೋದ. ಅಯ್ಯೋ ಬುಡಮ್ಮಿ, ಫ್ರಿಜ್ಜಾದ್ರೂ ಬಂತಲ್ಲ — ಇದು ವೀರಭದ್ರಸ್ವಾಮಿ. ಫ್ರಿಜ್ಜು ಬಂದದ್ದು ನಿಜ. ಸಿನಿಮಾ ಹೀರೋ ಅಗ್ನಿಕಿರಣ ಆ ವಿಡಿಯೊ ನೋಡಿ ಅತ್ತನಂತೆ, ಅತ್ತದ್ದನ್ನೂ ವಿಡಿಯೊ ಮಾಡಿದನಂತೆ, ಅಜ್ಜಿ ಇನ್ಮೇಲೆ ನಾನೇ ನಿನ್ನ ಮಗ ಎಂದನಂತೆ, ಹುಟ್ಟಿದ ಮಗ ಅಡಿಕೆ ಕತ್ತರಿಸುತ್ತಾ ಪಕ್ಕದಲ್ಲೇ ಕೂತು ನೋಡಿದ, ಅಭಿಮಾನಿ ಸಂಘದವರು ಟೆಂಪೊದಲ್ಲಿ ಫ್ರಿಜ್ಜು ತಂದಿಳಿಸಿದರು, ಬಾಗಿಲ ಮೇಲೆ ಹೀರೋ ಕೈ ಮುಗಿದಿರುವ ಸ್ಟಿಕ್ಕರು, ಕೆರೆದರೂ ಬರುವುದಿಲ್ಲ, ಹಾಲು ತೆಗೆಯಬೇಕಾದರೆ ದಿನಾ ಅವನ ಹೊಟ್ಟೆ ಹಿಡಿದೆಳೆಯಬೇಕು. ಹುಣಸೂರಿನ ಟಾಕೀಸಿನಲ್ಲಿ ಅವನದೊಂದು ಸಿನಿಮಾ ನೋಡಿದ್ದಳು, ಮದುವೆಯಾದ ಹೊಸತರಲ್ಲಲ್ಲ, ಮೊನ್ನೆ ಮೊನ್ನೆ, ಆಪರೇಷನ್ನಿಗೆ ಮುಂಚೆ, ಅವನು ಕುದುರೆಯಿಂದ ಇಳಿಯದೆಯೇ ಬಡವರ ಕಡೆ ರೊಟ್ಟಿ ಎಸೆಯುತ್ತಾನೆ, ಎಸೆದ ರೊಟ್ಟಿ ಹಿಡಿಯಲು ಓಡುವವರಲ್ಲಿ ಒಬ್ಬ ಮುದುಕಿ ಬಿದ್ದಳು, ಬಿದ್ದವಳ ಮೇಲಿಂದ ಹಾಡು ಶುರುವಾಯಿತು, ಜನ ಶಿಳ್ಳೆ ಹೊಡೆದರು, ಅವಳೂ ಚಪ್ಪಾಳೆ ತಟ್ಟಿದ್ದಳಲ್ಲ, ಥೂ.

ಫೋನಿನಲ್ಲಿ ವಿಚಿತ್ರ ಸುದ್ದಿ ಹಂಚುವ ಪುಟವೊಂದಿದೆ, ಹೆಸರು ಅಚ್ಚರಿ ಲೋಕ, ಒಂದು ವರ್ಷದಿಂದ ಅದನ್ನು ಅವಳು ದೇವರ ಪಟ ನೋಡುವ ಹಾಗೆ ಎದ್ದ ತಕ್ಷಣ ನೋಡುತ್ತಾಳೆ, ಹಾಳು ಚಟ, ಸೋಮವಾರ ಕಾಳು ಮುಟ್ಟದ ಹುಂಜ, ಹಲಸಿನ ಮರಕ್ಕೆ ತಾಳಿ ಕಟ್ಟಿದ ಕಂಡಕ್ಟರು, ಸತ್ತನೆಂದು ತಿಥಿ ಮಾಡಿದವನು ಪಾಯಸದ ಹೊತ್ತಿಗೆ ಬಂದ, ಅಗ್ನಿಕಿರಣನ ನಾಯಿಯ ಹುಟ್ಟುಹಬ್ಬಕ್ಕೆ ಅನಾಥಾಶ್ರಮದ ಮಕ್ಕಳಿಗೆ ಊಟ, ಮಕ್ಕಳೆಲ್ಲ ನಾಯಿಗೆ ಹಾಡು ಹೇಳಬೇಕು, ಅದರ ಕೆಳಗೆ ಏನು ಮನಸ್ಸು ಅಣ್ಣ ನಿಮ್ಮದು ಎಂದು ಸಾವಿರ ಜನ. ಅವಳ ಸೌಟನ್ನು ದೇವಣ್ಣನಿಂದ ಎತ್ತಿಕೊಂಡು ಊರ ತುಂಬ ಹಂಚಿದ್ದು ಆ ಪುಟವೇ. ನಿಮ್ಮೂರಿನ ವಿಚಿತ್ರ ಸುದ್ದಿ ನಮಗೆ ಕಳಿಸಿ ಎಂದು ಕೆಳಗೊಂದು ನಂಬರು ಇರುತ್ತದೆ, ಆ ನಂಬರು ಅವಳ ಫೋನಿನಲ್ಲಿ ಹಾಲಿನ ಡೈರಿ ಎಂಬ ಹೆಸರಲ್ಲಿ ಸೇರಿದೆ, ಯಾವತ್ತು ಸೇರಿಸಿದಳೋ ಅವತ್ತೇ ಇವತ್ತಿನ ಅಡುಗೆಗೆ ಎಸರಿಟ್ಟದ್ದು. ಹುಡುಕಿ ಹುಡುಕಿ ದೇವರಾಜುವಿಗೆ ತಾನೇ ಫೋನು ಮಾಡಿದ್ದಳು, ನಾನು ಕಣಣ್ಣ, ಆ ಅಜ್ಜಿ ಸೊಸೆ, ನಮ್ಮತ್ತೆ ಪರ ಮಾಡ್ತಾವ್ರೆ, ನೀವು ಬರ್ಲೇಬೇಕು ಅಂತಾವ್ರೆ, ಧ್ವನಿಯಲ್ಲಿ ಎಷ್ಟು ಬೆಲ್ಲ, ತನ್ನ ಬಾಯಿ ತನಗೇ ಗುರುತು ಸಿಗಲಿಲ್ಲ. ಈಗ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ, ಗುಡಿಯ ಮುಂದಿನ ಹೊಂಗೆ ನೆರಳಲ್ಲಿ, ವಿಭೂತಿ ಬೆವರಿಗೆ ಕರಗಿ ಎದೆಯ ಮೇಲೆ ಹರಿದಿದೆ, ಅವಳೇ ಬಡಿಸುತ್ತಾಳೆ, ಅನ್ನ, ಅವರೆಕಾಳು ಸಾರು, ಬೂದುಗುಂಬಳದ ಪಲ್ಯ, ಇನ್ನೊಸಿ ಆಕಿಸ್ಕೊಳಣ್ಣ, ಈ ಅನ್ನ ಬೇರೆ ಕಡೆ ಸಿಕ್ಕಲ್ಲ. ಸಿಕ್ಕುವುದಿಲ್ಲ, ನಿಜ. ನೂರು ಮನೆಯ ಅಕ್ಕಿ, ರಾಜಮುಡಿ, ಸಣ್ಣಕ್ಕಿ, ರೇಷನ್ನಿನದು, ಒಂದು ಕಾಳು ಬೆಂದರೆ ಇನ್ನೊಂದು ಬೇಯದು, ಭೇರ್ಯದವಳು ಹಾಕಿದ್ದು ಯಾವುದು, ಬೈಲಕುಪ್ಪೆಯ ಅಂಗಡಿಯ ಟಿಬೆಟ್ಟಿನಮ್ಮ ಹಾಕಿದ್ದು ಯಾವುದು, ಜೋಳಿಗೆಗೆ ಬಿದ್ದ ಮೇಲೆ ಹೆಸರಿಲ್ಲ, ಉಣ್ಣುವವನು ಯಾರಿಗೂ ಕೈ ಮುಗಿಯಬೇಕಾಗಿಲ್ಲ, ಎಲೆ ಮಡಚಿ ಎದ್ದುಹೋಗಬಹುದು, ಅತ್ತೆ ಇದನ್ನು ಒಂದು ಮಾತಿನಲ್ಲೂ ಹೇಳಿದವಳಲ್ಲ, ಬೇಡಿ ತಂದು ತೋರಿಸಿದಳು, ಅದನ್ನು ಹಿಡಿದು ಇವರು ಎರಡು ನಿಮಿಷದ ಕಣ್ಣೀರು ಮಾಡಿ ಮಾರಿದರು. ಎಂಗದೆ ದೇವಣ್ಣ ಸಾರು, ಎಂದು ವೀರಭದ್ರಸ್ವಾಮಿ ಹಲ್ಲು ಬಿಡುತ್ತಾ ಅವನ ಪಕ್ಕದಲ್ಲೇ ನಿಂತಿದ್ದಾನೆ, ಅವನ ಜೊತೆ ಒಂದು ಫೋಟೊ ಬೇಕಂತೆ, ಅಯ್ಯೋ ಅಣ್ಣ, ಕೈ ತೊಳ್ಕೊಂಬುಡ್ತೀನಿ ಇರಿ, ಎಂದು ದೇವರಾಜು ನಗುತ್ತಾನೆ, ಚೆನ್ನಾಗಿಯೇ ನಗುತ್ತಾನೆ ಪಾಪಿ, ಕೂರುವುದಕ್ಕೆ ಮುಂಚೆ ಮುದುಕಿಯ ಎಲೆಗೆ ತಾನೇ ಪಾಯಸ ಬಡಿಸಿ ಬಂದಿದ್ದ, ಆಗ ಯಾವ ಕ್ಯಾಮರಾವೂ ಇರಲಿಲ್ಲ, ಅದನ್ನು ನೋಡಬಾರದಾಗಿತ್ತು, ನೋಡಲಿಲ್ಲ ಎಂದುಕೊಂಡು ಅವಳು ಸಾರಿನ ಬಕೀಟು ಎತ್ತಿಕೊಂಡು ಗುಡಿಯ ಹಿಂದಕ್ಕೆ ಬಂದಳು.

ಏನು ಬರೆಯುವುದು ಆ ವಿಡಿಯೊದ ಮೇಲೆ, ಸುಳ್ಳು ಬರೆಯಬಾರದು, ಸುಳ್ಳು ಬರೆದರೆ ಅವರಿಗೂ ತನಗೂ ಏನು ವ್ಯತ್ಯಾಸ, ಕಾರ್ತೀಕದ ಸೋಮವಾರ ಬೇರೆ, ಕೊಳಾಯಿಯ ಕಟ್ಟೆಯ ಮೇಲೆ ಕೂತು ಒಂದೊಂದೇ ಅಕ್ಷರ ಒತ್ತಿದಳು, ಹೊಗೆಸೊಪ್ಪಿನ ಅಂಟು ಕೂತ ಹೆಬ್ಬೆರಳನ್ನು ಫೋನು ಒಮ್ಮೊಮ್ಮೆ ಬೆರಳೆಂದೇ ಒಪ್ಪುವುದಿಲ್ಲ, ಊರಿಗೆಲ್ಲ ದಾನ ಮಾಡುವ ಕೋಟೆಯ ದೇವಣ್ಣ ತಾನೇ ಭಿಕ್ಷೆ ಬೇಡುತ್ತಿರುವುದು ಏಕೆ? ಮನೆಯಲ್ಲಿ ಯಾರೂ ಇಲ್ಲವೇ? ಹೆಂಡತಿ ಎಲ್ಲಿ? ಓದಿಕೊಂಡಳು. ಎಲ್ಲಾ ಪ್ರಶ್ನೆಯೇ, ಒಂದೂ ಸುಳ್ಳಿಲ್ಲ, ಆ ಪುಟದವರಿಂದಲೇ ಕಲಿತದ್ದು. ದೇವಣ್ಣನಿಗೆ ಏನೂ ಆಗುವುದಿಲ್ಲ, ಅದೂ ಗೊತ್ತು, ಅವನಿಗೆ ಅಯ್ಯೋ ಪಾಪ ಬೀಳುತ್ತದೆ, ರಾಶಿ ರಾಶಿ, ಅಗ್ನಿಕಿರಣ ಮತ್ತೊಂದು ಸಲ ಅತ್ತರೂ ಅತ್ತಾನು, ಕಲ್ಲು ಬೀಳುವುದು ಮನೆಯಲ್ಲಿರುವವಳ ಮೇಲೆ, ಯಾವಾಗಲೂ ಮನೆಯಲ್ಲಿರುವ ಹೆಂಗಸಿನ ಮೇಲೆ, ಅದು ಸರ್ವಮಂಗಳಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಬೀಳಲಿ, ರೂಪಶ್ರೀಯ ಮುಖ ಎಲ್ಲಿ ಎಂದು ಹುಡುಕಲಿ, ಅವಳ ಮದುವೆ ಫೋಟೊ ತೆಗೆಯಲಿ, ಕೆಂಪು ವೃತ್ತ ಎಳೆಯಲಿ, ಅವಳು ಆಮೇಲೆ ನಾನೇ ಕ್ಯಾಮರಾ ಹಿಡಿದಿದ್ದೆ, ಅದು ಶಾಸ್ತ್ರ, ಅದು ಹರಕೆ ಎಂದು ಆ ಜೇನು ಧ್ವನಿಯಲ್ಲಿ ಸಾರಲಿ, ಆಮೇಲೆ ಹೇಳುವುದು ಯಾರ ಕಿವಿಗೂ ಬೀಳುವುದಿಲ್ಲ ತಾಯಿ, ನಾನು ಹೇಳಿ ನೋಡಿದ್ದೇನೆ. ಹೆಬ್ಬೆರಳು ಕಳಿಸುವ ಗುಂಡಿಯ ಮೇಲೆ. ಅಷ್ಟರಲ್ಲಿ ಕೊಡಿ ಅಕ್ಕ, ನಾನೂ ತೊಳೀತೀನಿ, ಒಬ್ರೇ ಎಷ್ಟು ಅಂತ ಮಾಡ್ತೀರಿ, ಎಂದು ಅದೇ ಧ್ವನಿ ಬೆನ್ನ ಹಿಂದೆ. ಫೋನು ಸೆರಗಿನಡಿಗೆ ಹೋಯಿತು. ರೂಪಶ್ರೀ ದುಪ್ಪಟ್ಟ ತೆಗೆದು ಮಡಿಸಿ, ಅದರ ಮೇಲೆ ತನ್ನ ಫೋನಿಟ್ಟು, ತೋಳು ಮೇಲೆ ಮಾಡಿ, ಮೊಣಕೈ ತನಕ ಕೊಪ್ಪರಿಗೆಯೊಳಗೆ ಇಳಿದೇಬಿಟ್ಟಳು, ಬೂದಿ, ತೆಂಗಿನ ನಾರು, ತೊಳೆಯುವುದು ಬರುತ್ತದೆ ಇವಳಿಗೆ, ತಳ ಹಿಡಿದ ಜಾಗಕ್ಕೆ ಮೊದಲು ನೀರು ಹುಯ್ದು ನೆನೆಯಲು ಬಿಟ್ಟಳು, ಅಡುಗೆಮನೆಯಲ್ಲಿ ಬೆಳೆದವಳೇ. ಚಿಕ್ಕವಳು, ತನ್ನ ತಂಗಿಯ ವಯಸ್ಸು. ಇರಲಿ. ಸಿದ್ದಲಿಂಗಮ್ಮ ಕೋಲೂರಿಕೊಂಡು ಬಂದು ಕಟ್ಟೆಯ ಮೇಲೆ ಕೂತಳು, ಪರ ಮುಗಿಯಿತು, ಎಲೆ ಎತ್ತಿದರು, ಒಂದು ವರ್ಷದ ಬಾಯಿಬೀಗ ಬಿಚ್ಚಿದ ಮುದುಕಿಯ ಮುಖ ಈಗತಾನೆ ಹೆತ್ತವಳ ಹಾಗಿದೆ, ಬಾವ್ವಾ ಇಲ್ಲಿ, ಎಂದು ರೂಪಶ್ರೀಯನ್ನು ಕರೆದಳು, ನಿಂಗೊಂದ್ ಮಾತ್ ಏಳ್ಬೇಕು, ಅವತ್ತು ನಿನ್ ಗಂಡ ಕೇಳ್ದಾಗ ಏಳಂಗಿರ್ಲಿಲ್ಲ, ನಮ್ಮನೇಲಿ ಎಲ್ಲಾ ಅವ್ರೆ ಕಣವ್ವ, ಈ ನನ್ ಸೊಸೆ ಸಾಯಕ್ ಬಿದ್ದಿದ್ಲು, ನನ್ನ ಬೇಕಾರೆ ತಕಂಡು ಇವ್ಳ ಬುಡಪ್ಪ ಅಂತ ಮಾದಪ್ಪನ್ನ ಕೇಳ್ಕಂಡಿದ್ದೆ, ಇವಳ್ಗೋಸ್ಕರ ಎತ್ತಿದ್ ಭಿಕ್ಷೆ ಅದು, ನನ್ ಮಗ ತರ್ದಿದ್ರೂ ಇವ್ಳು ತಂದಾಕವ್ಳೆ, ಇವ್ಳ್ನ ಬಾಯ್ಗೆ ಬಂದಂಗೆ ಅಂದ್ಬುಟ್ರಿ.

ನೀರು ಕೊಳಾಯಿಯಿಂದ ಬೀಳುತ್ತಲೇ ಇತ್ತು, ಸರ್ವಮಂಗಳ ಅದನ್ನು ನಿಲ್ಲಿಸಲಿಲ್ಲ, ಅತ್ತೆಯ ಬಾಯಿಂದ ಇದನ್ನು ಕೇಳಲು ಒಂದು ವರ್ಷ ಕಾದಿದ್ದಳು, ಹೇಗೆ ಕೇಳಿಸಬಹುದು ಎಂದು ಎಷ್ಟೋ ಸಲ ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದಳು, ಅಳು ಬರುತ್ತದೆಂದುಕೊಂಡಿದ್ದಳು, ಬರಲಿಲ್ಲ, ಅವಳ ಕಣ್ಣು ರೂಪಶ್ರೀಯ ಬಾಯಿಯ ಮೇಲಿತ್ತು, ಹೇಳು, ಒಂದೇ ಒಂದು ಮಾತು ಹೇಳು, ತಪ್ಪಾಯ್ತು ಅಕ್ಕ ಎನ್ನು, ಅನ್ನದಿದ್ದರೂ ಬೇಡ, ಸುಮ್ಮನೆ ನನ್ನ ಮುಖ ನೋಡಿ ತಲೆ ತಗ್ಗಿಸು, ಅಷ್ಟು ಮಾಡಿದರೆ ಸೆರಗಿನಡಿ ಇರುವುದನ್ನು ಅಳಿಸಿಬಿಡುತ್ತೇನೆ, ಈ ಗುಡಿಯ ಗೋಡೆಯಾಣೆ. ರೂಪಶ್ರೀಯ ಕಣ್ಣು ದೊಡ್ಡದಾಯಿತು, ನಿಜವಾಗಿಯೂ ನೀರು ತುಂಬಿತು, ಅಯ್ಯೋ ದೇವ್ರೇ, ಅಜ್ಜಿ, ನಂಗೆ ಮೈಯೆಲ್ಲ ಜುಂ ಅಂತಿದೆ, ಎಂಥಾ ಸ್ಟೋರಿ ಇದು, ಮೊದ್ಲೇ ಯಾಕ್ ಹೇಳ್ಲಿಲ್ಲ, ಇದನ್ನೇ ಇನ್ನೊಂದ್ಸಲ ಹೇಳ್ತೀರಾ, ಇಲ್ಲಲ್ಲ, ಗುಡಿ ಮುಂದೆ, ಬೆಳಕಿದ್ದಾಗಲೇ ತೆಗೀಬೇಕು, ಪಾರ್ಟ್ ಟು ಮಾಡಣ, ಸೊಸೆ ಬದಲಾದಳು ಅಂತ. ನಾನು ಬದಲಾಗಿಲ್ಲವಲ್ಲ ಕಣವ್ವ, ಎಂದಳು ಸರ್ವಮಂಗಳ. ಗೊತ್ತು ಅಕ್ಕ, ನ್ಯಾಯವಾಗಿ ನೀವು ಒಳ್ಳೇವ್ರೇ, ಆದ್ರೆ ಮೊದ್ಲಿಂದ ಒಳ್ಳೇವ್ರು ಅಂದ್ರೆ ಅವತ್ತು ನಾವ್ ಹಾಕಿದ್ದು ಸುಳ್ಳು ಅಂತಾಗೋಗುತ್ತೆ, ಚಾನೆಲ್ ಹೆಸರು ಕೆಡುತ್ತೆ, ಅದಕ್ಕೆ ಬದಲಾದ್ರಿ ಅಂದ್ರೆ ಇಬ್ರಿಗೂ ಒಳ್ಳೇದು, ಜನ ನಿಮ್ಮನ್ನ ತಲೆ ಮೇಲೆ ಹೊತ್ಕೊಳ್ತಾರೆ ನೋಡಿ, ನೀವೇನೂ ಮಾತಾಡ್ಬೇಡಿ, ವಾಯ್ಸ್ ನಾನೇ ಕೊಡ್ತೀನಿ, ನೀವು ಅಜ್ಜಿ ಕಾಲು ಹಿಡ್ಕೊಂಡು ಒಂದ್ ಸ್ವಲ್ಪ ಅತ್ಬಿಡಿ ಸಾಕು. ಆ ಸೌಟು ಇದ್ಯಾ ಇನ್ನೂ, ಮನೇಲಿ? ಸಿದ್ದಲಿಂಗಮ್ಮನಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ, ಏನಂತೆ ಮಂಗ್ಳ, ಏನಂತೆ ಎಂದು ಕಿವಿಗೆ ಕೈ ಹಚ್ಚಿಕೊಂಡಳು. ಏನಿಲ್ಲ ಅತ್ತೆ, ಎಂದಳು ಸರ್ವಮಂಗಳ, ಸೊಸೆ ಒಳ್ಳೇಳಾಗವ್ಳಂತೆ. ಸೆರಗಿನಡಿಯಿಂದ ಫೋನು ತೆಗೆದಳು, ಅವರಿಬ್ಬರ ಎದುರಿಗೇ, ಮುಚ್ಚುಮರೆಯಿಲ್ಲ, ಹೆಬ್ಬೆರಳನ್ನು ಕಲ್ಲಿಗೆ ಉಜ್ಜಿ ಅಂಟು ತೆಗೆದು ಒತ್ತಿದಳು, ಒಪ್ಪಲಿಲ್ಲ, ಇನ್ನೊಂದು ಸಲ ಒತ್ತಿದಳು, ಹೋಯಿತು. ಯಾರ್ಗಕ್ಕ ಮೆಸೇಜು, ಎಂದಳು ರೂಪಶ್ರೀ ನಾರು ತಿಕ್ಕುತ್ತಾ. ಹಾಲಿನ ಡೈರಿಗೆ. ಹೂಂ ಅಂದಳು ಅವಳು.

ಎಷ್ಟು ಹಗುರ, ಇಷ್ಟು ಹಗುರವಾ ಇದು, ಇದನ್ನು ಇವರು ದಿನಾ ಮಾಡುತ್ತಾರಲ್ಲ, ಅದಕ್ಕೇ ಮುಖದಲ್ಲಿ ಅಂಥ ಕಳೆ, ಅವಳು ಬಾಣಲೆ ತಿಕ್ಕಿದಳು, ಜಾಲರಿ ತಿಕ್ಕಿದಳು, ಹೊಟ್ಟೆಯ ಹೊಲಿಗೆಯ ಜಾಗ ಎಳೆಯಲಿಲ್ಲ, ಸೊಂಟ ಹಿಡಿಯಲಿಲ್ಲ, ರೂಪಶ್ರೀ ಏನೋ ಹೇಳುತ್ತಿದ್ದಳು, ಕೋಟೆಯಲ್ಲಿ ಅವಳ ಅತ್ತೆ ಇದ್ದಾಳಂತೆ, ಕ್ಯಾಮರಾ ಹಿಡ್ಕೊಂಡು ಊರೂರು ಸುತ್ತುತಾಳೆ ನನ್ ಸೊಸೆ, ನಂಗೊಂದ್ ಲೋಟ ಕಾಫಿ ಕೊಡೋರಿಲ್ಲ ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬರುತ್ತಾಳಂತೆ, ಏನ್ ಹೇಳ್ಲಿ ಅಕ್ಕ, ಯಾವ ಜನ್ಮದ್ದೋ, ಎಂದು ನಕ್ಕಳು, ಕೊಪ್ಪರಿಗೆಯೊಳಗೆ ಆ ನಗು ಗುಂಯ್ ಎಂದಿತು. ಹೌದಾ, ಅತ್ತೆ ಇದ್ದಾಳಾ, ಅಕ್ಕಪಕ್ಕದವರು ಇದ್ದಾರಾ, ಅವರಿಗೂ ಮೈಕು ಹಿಡಿಯುತ್ತಾರೆ ಈಗ, ಆ ಮುದುಕಿ ಬಾಯಿ ಕಟ್ಟಿಕೊಂಡು ಕೂರುವವಳಲ್ಲ, ಹೇಳುತ್ತಾಳೆ, ಎಲ್ಲವನ್ನೂ ಹೇಳುತ್ತಾಳೆ, ಇದನ್ನು ಸರ್ವಮಂಗಳ ಲೆಕ್ಕಕ್ಕೇ ಇಟ್ಟಿರಲಿಲ್ಲ, ಕೇಳದೇ ಬಂದ ವರ, ಖುಷಿಯಾಗಬೇಕಿತ್ತು, ಆಯಿತು, ಆಯಿತಲ್ಲ — ಮಡಿಸಿದ ದುಪ್ಪಟ್ಟದ ಮೇಲೆ ರೂಪಶ್ರೀಯ ಫೋನು ಬೆಳಗಿತು. ಆರಿತು. ಬೆಳಗಿತು. ಅಚ್ಚರಿ ಲೋಕದವರು ಇಷ್ಟು ಬೇಗ ಹಂಚಿಬಿಟ್ಟರೇ, ಗುಡಿಯ ಮುಂದಿನಿಂದ ಯಾರೋ ದೇವಣ್ಣಾ ಎಂದು ಕೂಗಿದರು, ಆ ಕೂಗಿನಲ್ಲಿ ನಗು ಇತ್ತು. ಫೋನು ಈಗ ಆರುವುದೇ ಇಲ್ಲ, ಕಲ್ಲಿನ ಮೇಲೆ ಸಣ್ಣಗೆ ನಡುಗುತ್ತಾ ದುಪ್ಪಟ್ಟದೊಂದಿಗೆ ಅಂಚಿನ ಕಡೆಗೆ ಸರಿಯುತ್ತಿದೆ, ಏನಕ್ಕ ಇದು ಒಂದೇ ಸಮ ಹೊಡ್ಕೊಳ್ತಿದೆ, ಎಂದು ರೂಪಶ್ರೀ ಕೊಪ್ಪರಿಗೆಯಿಂದ ಕೈ ಹೊರಗೆ ತೆಗೆದಳು, ಬೇಡ, ಇನ್ನೂ ಇನ್ನೊಂದು ಕೊಪ್ಪರಿಗೆ ಇದೆ, ತೊಳೆ, ನೀರು ಹುಯ್ಯಲಾ, ಎಂದುಕೊಳ್ಳುತ್ತಾ ಸರ್ವಮಂಗಳ ಚೊಂಬಿಗೆ ನೀರು ಹಿಡಿದಳು, ಮೊಣಕೈ ತನಕ ಬೂದಿ, ಬೆರಳ ಸಂದಿಯಲ್ಲಿ ಬೂದಿ, ರೂಪಶ್ರೀ ಬಲಗೈಯನ್ನು ಚೂಡಿದಾರಿನ ತೊಡೆಗೆ ಒರೆಸಿದಳು, ಹೋಗಲಿಲ್ಲ, ಮಗುಚಿ ಒರೆಸಿದಳು, ಫೋನು ಬೆಳಗುತ್ತಿದೆ, ಅವಳು ಅದನ್ನು ನೋಡದೆ ಕೈಯನ್ನೇ ನೋಡುತ್ತಾ, ಒಂದೊಂದೇ ಬೆರಳು ಬಿಡಿಸಿ, ಕಿರುಬೆರಳು, ಉಂಗುರದ ಬೆರಳು, ಉಂಗುರದ ಸುತ್ತ, ಒರೆಸುತ್ತಾಳೆ, ಸರ್ವಮಂಗಳಳಿಗೆ ಬೇರೇನೂ ಕಾಣುವುದಿಲ್ಲ, ಆ ಒದ್ದೆ ಕೈ, ತೊಡೆಯ ಮೇಲೆ ಬೂದಿಯ ಗೆರೆ, ಮಗುಚಿದ ಕೈ, ಇನ್ನೊಂದು ಗೆರೆ, ಒದ್ದೆ ಕೈ ಒರೆಸುತ್ತಾಳೆ, ಒರೆಸುತ್ತಲೇ ಇದ್ದಾಳೆ.